ಡೆಕ್‌ಟಾಕ್ ತಡವರಿಸಿದರೆ ಡಬ್ಬಿಯನ್ನೇ ದೂರಬೇಡಿ

ಪ್ರಶ್ನೆ: ನನಗೆ ಕಣ್ಣು ಕಾಣಿಸುವುದಿಲ್ಲ. ಲಿನಕ್ಸ್ ಕನ್ಸೋಲ್‌ನಲ್ಲಿ, ಪರದೆಯ ಪಠ್ಯ ಓದಿ ಹೇಳುವ ಸ್ಪೀಕಪ್ ಸ್ಕ್ರೀನ್ ರೀಡರ್ ಬಳಸುತ್ತೇನೆ, ಅದರ ಧ್ವನಿ ಡೆಕ್‌ಟಾಕ್ ಎಕ್ಸ್‌ಪ್ರೆಸ್ ಸಿಂಥಸೈಜರಿನದು (ಪಠ್ಯವನ್ನು ಮಾತಾಗಿಸುವ ಹೊರಗಿನ ಡಬ್ಬಿ). ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಹಾಗಾಗಿ ಹಳೆಯ ಕೇಬಲ್ಲಿಗೆ ಯುಎಸ್‌ಬಿ ಕನ್ವರ್ಟರ್ ಸೇರಿಸಿದ್ದೇನೆ. ಈಗ ಮೂರು ತೊಂದರೆ. ಕಂಪ್ಯೂಟರ್ ಶುರುವಾದಾಗ ಸಿಂಥ್ ಮಾತಾಡುವುದಿಲ್ಲ, ಯಾರಾದರೂ ಪರದೆ ನೋಡಿ ಸ್ಪೀಕಪ್‌ನ ಡೆಕ್‌ಟಾಕ್ ಡ್ರೈವರ್ ಮಾಡ್ಯೂಲನ್ನು ಮತ್ತೆ ಲೋಡ್ ಮಾಡಿಕೊಟ್ಟರೆ ಮಾತಾಡುತ್ತದೆ. ಉದ್ದನೆಯ ಫೈಲ್ ಓದಿಸಿದರೆ ನಡುನಡುವೆ ಪದಗಳು ಹಾರಿಹೋಗುತ್ತವೆ, ಒಮ್ಮೊಮ್ಮೆ ‘ಕಮಾಂಡ್ ಎರರ್’ ಎನ್ನುತ್ತದೆ. ಓದು ನಿಲ್ಲಿಸಲು ಕೀ ಒತ್ತಿದರೆ ತಕ್ಷಣ ನಿಲ್ಲುತ್ತದೆ, ಆದರೆ ಆಮೇಲೆ ಮೂರ್ನಾಲ್ಕು ಸೆಕೆಂಡು ಏನು ಒತ್ತಿದರೂ ಸದ್ದಿಲ್ಲ. ನನ್ನ ಡೆಕ್‌ಟಾಕ್‌ನ ಆಯಸ್ಸು ಮುಗಿಯಿತೇ?

ಉತ್ತರ: ಮುಗಿದಿಲ್ಲ ಎಂದೇ ನನ್ನ ಅಂದಾಜು. ಅಂದಾಜಿಗೆ ಕಾರಣ ನಿಮ್ಮ ಮೂರನೆಯ ತೊಂದರೆ. ಅದನ್ನು ನೀವು ಕೊನೆಗೆ ಬರೆದಿದ್ದೀರಿ, ನಾನು ಮೊದಲು ಹಿಡಿದುಕೊಳ್ಳುತ್ತೇನೆ. ಕೀ ಒತ್ತಿದ ಮೇಲೆ ಬರುವ ಆ ಮೂರ್ನಾಲ್ಕು ಸೆಕೆಂಡಿನ ಮೌನ ಸಿಂಥ್ ಕೆಟ್ಟಿದ್ದರಿಂದ ಬಂದದ್ದಲ್ಲ. ಸ್ಪೀಕಪ್ ಲೆಕ್ಕ ಹಾಕಿ ಕಾಯುವ ಮೌನ ಅದು.

ಒಳಗೆ ನಡೆಯುವುದು ಹೀಗೆ. ನೀವು ಓದು ನಿಲ್ಲಿಸಿದಾಗ ಸ್ಪೀಕಪ್‌ನ ಡೆಕ್‌ಟಾಕ್ ಡ್ರೈವರ್ ಸಿಂಥ್‌ಗೆ ಕಂಟ್ರೋಲ್-ಸಿ ಎಂಬ ಒಂದೇ ಅಕ್ಷರ ಕಳಿಸುತ್ತದೆ. ‘ಬಾಯಲ್ಲಿರುವುದನ್ನೆಲ್ಲ ಬಿಟ್ಟುಬಿಡು’ ಎಂದು ಅದರ ಅರ್ಥ. ಸಿಂಥ್ ಎಲ್ಲ ಖಾಲಿ ಮಾಡಿ, ‘ಬಿಟ್ಟೆ’ ಎನ್ನಲು ಕಂಟ್ರೋಲ್-ಎ ವಾಪಸ್ ಕಳಿಸುತ್ತದೆ. ಆ ಉತ್ತರ ಬಂದ ಮೇಲೆಯೇ ಡ್ರೈವರ್ ಮುಂದಿನ ಪಠ್ಯ ಕಳಿಸುವುದು. ಉತ್ತರ ಬಾರದಿದ್ದರೆ 4 ಸೆಕೆಂಡು ಕಾಯುತ್ತದೆ, ಆಮೇಲೆ ಬಂದದ್ದು ಬರಲಿ ಎಂದು ಕಳಿಸಿಬಿಡುತ್ತದೆ. ನಿಮಗೆ ಕೇಳುತ್ತಿರುವ ಮೌನದ ಅಳತೆಯೂ ಹೆಚ್ಚುಕಡಿಮೆ ಅದೇ. ಎಂದರೆ ಕಂಪ್ಯೂಟರ್ ಹೇಳಿದ್ದು ಸಿಂಥ್‌ಗೆ ತಲುಪುತ್ತಿದೆ, ಸಿಂಥ್ ಹೇಳಿದ್ದು ಕಂಪ್ಯೂಟರಿಗೆ ತಲುಪುತ್ತಿಲ್ಲ. ಹೋಗುವ ದಾರಿ ಸರಿಯಿದೆ, ಬರುವ ದಾರಿ ಎಲ್ಲೋ ಕಡಿದಿದೆ.

ಈಗ ಎರಡನೆಯ ತೊಂದರೆಗೆ ಬನ್ನಿ, ಅದೂ ಇಲ್ಲಿಂದಲೇ ಹುಟ್ಟಿದ್ದು. 9600 ಬಾಡ್ ವೇಗದಲ್ಲಿ, ಒಂದು ಅಕ್ಷರಕ್ಕೆ ಶುರುವಿನ ಬಿಟ್ಟು, ಕೊನೆಯ ಬಿಟ್ಟು ಸೇರಿ 10 ಬಿಟ್ ಲೆಕ್ಕದಲ್ಲಿ, ಸೆಕೆಂಡಿಗೆ 960 ಅಕ್ಷರ ಹೋಗುತ್ತವೆ. ಸಿಂಥ್ ನಿಮಿಷಕ್ಕೆ 400 ಪದದಷ್ಟು ಜೋರಾಗಿ ಓದಿದರೂ ಸೆಕೆಂಡಿಗೆ ಸುಮಾರು 40 ಅಕ್ಷರ ಮಾತ್ರ ಖರ್ಚಾಗುತ್ತದೆ. ಬರುವುದು ಖರ್ಚಿನ ಇಪ್ಪತ್ತಕ್ಕೂ ಹೆಚ್ಚು ಪಟ್ಟು! ಆದ್ದರಿಂದ ಒಳಗಿನ ಬಫರ್ (ಬಂದ ಅಕ್ಷರ ಕೂಡಿಡುವ ಜಾಗ) ತುಂಬುತ್ತಾ ಬಂದಾಗ ಡೆಕ್‌ಟಾಕ್ ‘ತಡಿ’ ಎಂದು ಕಂಟ್ರೋಲ್-ಎಸ್ ಕಳಿಸುತ್ತದೆ, ಜಾಗವಾದಾಗ ‘ಈಗ ಕೊಡು’ ಎಂದು ಕಂಟ್ರೋಲ್-ಕ್ಯೂ ಕಳಿಸುತ್ತದೆ. ಈ ‘ತಡಿ’ ಕಂಪ್ಯೂಟರಿಗೆ ಕೇಳಿಸದಿದ್ದರೆ ಅದು ಸುರಿಯುತ್ತಲೇ ಇರುತ್ತದೆ, ಹಿಡಿಸದ ಅಕ್ಷರಗಳು ಚೆಲ್ಲಿಹೋಗುತ್ತವೆ. ಚೆಲ್ಲಿದ್ದು ಸಾಧಾರಣ ಪದವಾದರೆ ನಿಮಗೆ ಪದ ಹಾರಿದಂತೆ ಕೇಳುತ್ತದೆ. ಚೆಲ್ಲಿದ್ದು ಡೆಕ್‌ಟಾಕ್‌ಗೆ ಕೊಡುವ ಆದೇಶದ ತುಂಡಾದರೆ, ಅಂದರೆ ವೇಗ, ಸ್ವರ ಹೇಳುವ ಚೌಕ ಕಂಸದೊಳಗಿನ ಅಕ್ಷರಗಳಲ್ಲಿ ಎರಡು ಮಾಯವಾದರೆ, ಅದು ‘ಕಮಾಂಡ್ ಎರರ್’ ಎಂದು ದೂರುತ್ತದೆ. ಚಿಕ್ಕ ಸಾಲುಗಳಲ್ಲಿ ತೊಂದರೆ ಕಾಣದೆ ಉದ್ದದ ಓದಿನಲ್ಲಿ ಮಾತ್ರ ಕಾಣುವುದೂ ಇದಕ್ಕೇ. ಚಿಕ್ಕ ಸಾಲಿಗೆ ಬಫರ್ ತುಂಬುವುದೇ ಇಲ್ಲ.

ಎರಡು ರೋಗಲಕ್ಷಣ, ಒಂದೇ ಬೇರು. ಮೊದಲನೆಯ ತೊಂದರೆ ಮಾತ್ರ ಬೇರೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಏನನ್ನೂ ಬಿಚ್ಚುವ ಮುಂಚೆ ನಿಮಗೊಂದು ಎರಡನೆಯ ಬಾಯಿ ಬೇಕು. ಸಿಂಥನ್ನು ಪರೀಕ್ಷಿಸುವಾಗ ಅದೇ ಸಿಂಥ್ ಫಲಿತಾಂಶ ಓದಿ ಹೇಳಲಿ ಎಂದು ಕೂತರೆ ಕೆಲಸ ಸಾಗುವುದಿಲ್ಲ, ಪ್ರತಿ ಸಲ ಕಣ್ಣಿರುವವರನ್ನು ಕರೆಯುವುದೂ ಬೇಸರದ ಮಾತು. ಬ್ರೈಲ್ ಡಿಸ್‌ಪ್ಲೇ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಮೊಬೈಲಿನಿಂದ, ದೂರದಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಆ ಕಂಪ್ಯೂಟರಿಗೆ ಹೊಕ್ಕು, ಮೊಬೈಲಿನ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್‌ನಿಂದ ಓದಿಸಿಕೊಳ್ಳಿ. ಮೂರನೆಯ ದಾರಿ ಇಸ್ಪೀಕಪ್. ಅದು ಸೌಂಡ್ ಕಾರ್ಡಿನಲ್ಲಿ ಇಸ್ಪೀಕ್ ಧ್ವನಿ ಕೊಡುತ್ತದೆ. ಸ್ಪೀಕಪ್ ಒಂದು ಹೊತ್ತಿಗೆ ಒಂದೇ ಸಿಂಥ್ ಜೊತೆ ಮಾತಾಡುವುದರಿಂದ, ಸಿಸ್ ಫೋಲ್ಡರಿನ ಒಳಗೆ ಅಕ್ಸೆಸಿಬಿಲಿಟಿ, ಅದರೊಳಗೆ ಸ್ಪೀಕಪ್, ಅಲ್ಲಿರುವ ಸಿಂಥ್ ಎಂಬ ಫೈಲಿಗೆ ‘ಸಾಫ್ಟ್’ ಎಂದು ಬರೆದರೆ ಧ್ವನಿ ಸೌಂಡ್ ಕಾರ್ಡಿಗೆ ಹೊರಳುತ್ತದೆ. ಈ ಕೆಲಸಕ್ಕೆ ಎರಡೇ ಅಕ್ಷರದ ಹೆಸರಿನ ಒಂದು ಸ್ಕ್ರಿಪ್ಟ್ ಮಾಡಿಟ್ಟುಕೊಳ್ಳಿ. ಪೂರ್ತಿ ಮೌನದಲ್ಲಿ ಉದ್ದದ ಆದೇಶ ತಪ್ಪಿಲ್ಲದೆ ಟೈಪ್ ಮಾಡುವುದು ಯಾರಿಗೂ ಸುಲಭವಲ್ಲ. ಹಾರ್ಡ್‌ವೇರ್ ಸಿಂಥ್ ಇರುವ ಎಲ್ಲರೂ ಇದನ್ನು ಸಿದ್ಧ ಇಟ್ಟುಕೊಂಡಿರಬೇಕು, ತೊಂದರೆ ಬಂದ ದಿನ ಹುಡುಕುವುದಲ್ಲ.

ಮೊದಲ ಪರೀಕ್ಷೆ ಡಬ್ಬಿಯದು, ಇದಕ್ಕೆ ಕಂಪ್ಯೂಟರೇ ಬೇಡ. ಕೇಬಲ್ ಕಿತ್ತು ಡೆಕ್‌ಟಾಕ್ ಆನ್ ಮಾಡಿ. ತನ್ನ ಹೆಸರು, ಆವೃತ್ತಿ ಹೇಳಿ ‘ಈಸ್ ರನ್ನಿಂಗ್’ ಎಂದರೆ ಅದರ ಪ್ರೊಸೆಸರ್, ಸ್ಪೀಕರ್, ವಿದ್ಯುತ್ ಮೂರೂ ಸರಿ. ಮಾತು ನಡುಗಿದರೆ ಅಥವಾ ವಾಕ್ಯ ಮುಗಿಯುವ ಮೊದಲೇ ಅದು ಪುನಃ ಶುರುವಾದರೆ ಅಡಾಪ್ಟರ್, ಹಳೆಯ ಬ್ಯಾಟರಿ ನೋಡಿಸಿ. ನಿಮ್ಮದು ದಿನವೂ ಮಾತಾಡುತ್ತಿರುವುದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.

ಮುಂದಿನದು ಕನ್ವರ್ಟರ್. ನನ್ನ ಅನುಮಾನ ಅದರ ಮೇಲೇ ಹೆಚ್ಚು, ಯಾಕೆಂದರೆ ಹಳೆಯ ಕಂಪ್ಯೂಟರಿನಲ್ಲಿ ಅದೇ ಕೇಬಲ್, ಅದೇ ಸಿಂಥ್ ಸರಿಯಾಗಿದ್ದವು, ಹೊಸದಾಗಿ ಸೇರಿದ್ದು ಇದೊಂದೇ. ಪರೀಕ್ಷೆಗೆ ಒಂದು ಪೇಪರ್ ಕ್ಲಿಪ್ ಸಾಕು. ಕನ್ವರ್ಟರಿನ ಒಂಬತ್ತು ಪಿನ್ನಿನ ತುದಿಯನ್ನು ನಿಮ್ಮ ಕಡೆಗೆ ಮುಖ ಮಾಡಿ ಹಿಡಿಯಿರಿ. ಅದರ ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಅಗಲದ ಕಡೆ ಮೇಲೆ ಬರಲಿ. ಮೇಲಿನ ಸಾಲಿನಲ್ಲಿ ಐದು ಪಿನ್, ಕೆಳಗೆ ನಾಲ್ಕು. ಮೇಲಿನ ಸಾಲಿನ ಎಡತುದಿ 1. ಅಲ್ಲಿಂದ ಬಲಕ್ಕೆ ಎರಡನೆಯದು ಕಂಪ್ಯೂಟರ್ ಕೇಳಿಸಿಕೊಳ್ಳುವ ಪಿನ್, ಮೂರನೆಯದು ಅದು ಮಾತಾಡುವ ಪಿನ್. ಬೆರಳಾಡಿಸುವಾಗಲೇ ಒಂದು ಪಿನ್ ಬಾಗಿರುವುದು ಅಥವಾ ಒಳಗೆ ಕುಸಿದಿರುವುದು ಸಿಕ್ಕರೆ ಅಲ್ಲೇ ಉತ್ತರ ಸಿಕ್ಕಿತು. ಹಾಗಿಲ್ಲದಿದ್ದರೆ 2 ಮತ್ತು 3ನ್ನು ಕ್ಲಿಪ್ಪಿನಿಂದ ಸೇರಿಸಿ. ಈಗ ಕಂಪ್ಯೂಟರ್ ಹೇಳಿದ್ದು ಅದಕ್ಕೇ ವಾಪಸ್ ಕೇಳಬೇಕು.

ಇದಕ್ಕೆ ಮುಂಚೆ ಸ್ಪೀಕಪ್‌ನ ಡೆಕ್‌ಟಾಕ್ ಮಾಡ್ಯೂಲನ್ನು ಇಳಿಸಿಬಿಡಿ, ಇಲ್ಲದಿದ್ದರೆ ಪೋರ್ಟ್ ಅದರ ಕೈಯಲ್ಲೇ ಇರುತ್ತದೆ. ಎಸ್‌ಟಿಟಿವೈ ಆದೇಶದಿಂದ ಪೋರ್ಟನ್ನು 9600 ವೇಗಕ್ಕೆ, ‘ರಾ’ ಸ್ಥಿತಿಗೆ ತಂದು, ಎಕೋ ಮತ್ತು ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬೇರೆ ತಂತಿಗಳಿಂದ ‘ತಡಿ’, ‘ಕೊಡು’ ಹೇಳುವ ವ್ಯವಸ್ಥೆ) ಎರಡನ್ನೂ ಆಫ್ ಮಾಡಿ. ಈ ಎಕೋ ಆಫ್ ಮರೆತರೆ ಬಂದ ಅಕ್ಷರವನ್ನು ಕಂಪ್ಯೂಟರ್ ಮತ್ತೆ ಕಳಿಸುತ್ತದೆ, ಅದು ಮತ್ತೆ ಬರುತ್ತದೆ, ಕೊನೆಯಿಲ್ಲದ ಸುತ್ತು. ಒಂದು ಕನ್ಸೋಲಿನಲ್ಲಿ ಓ-ಡಿ ಎಂಬ ಎರಡಕ್ಷರದ ಆದೇಶದಿಂದ ಪೋರ್ಟಿಗೆ ಬರುವುದನ್ನು ಹೆಕ್ಸ್ ಸಂಖ್ಯೆಗಳಲ್ಲಿ ತೋರಿಸಲು ಹೇಳಿ, ಇನ್ನೊಂದರಿಂದ ನಾಲ್ಕು ಪದ ಪೋರ್ಟಿಗೆ ಕಳಿಸಿ. ಕಳಿಸಿದಷ್ಟೂ ಬಂದರೆ ಕನ್ವರ್ಟರ್ ಪಾಸು. ಏನೂ ಬಾರದಿದ್ದರೆ ಅಪರಾಧಿ ಸಿಕ್ಕಿಬಿದ್ದ.

ಕನ್ವರ್ಟರ್ ಪಾಸಾದರೆ ಕ್ಲಿಪ್ ತೆಗೆದು ಕೇಬಲ್, ಸಿಂಥ್ ಎಲ್ಲ ಜೋಡಿಸಿ ಅದೇ ಆಟ ಮುಂದುವರಿಸಿ. ಓ-ಡಿ ಕೇಳುತ್ತಿರಲಿ. ಪೋರ್ಟಿಗೆ ಎರಡು ಮೂರು ಪುಟದ ಪಠ್ಯ ಒಟ್ಟಿಗೇ ಕಳಿಸಿ. ಸ್ವಲ್ಪ ಹೊತ್ತಿನಲ್ಲಿ 13 ಎಂಬ ಹೆಕ್ಸ್ ಸಂಖ್ಯೆ ಬರಬೇಕು, ಅದೇ ‘ತಡಿ’. ಆಮೇಲೆ 11 ಬರಬೇಕು, ಅದು ‘ಕೊಡು’. ಓದುವಾಗಲೇ ಕಂಟ್ರೋಲ್-ಸಿ, ಅಂದರೆ 03 ಕಳಿಸಿದರೆ 01 ಬರಬೇಕು. ಓ-ಡಿ ಹದಿನಾರು ಅಕ್ಷರ ಸೇರುವವರೆಗೆ ಸಾಲು ತೋರಿಸದೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದೊಂದು ಅಕ್ಷರಕ್ಕೂ ಒಂದು ಸಾಲು ಕೊಡು ಎಂದು ಮೊದಲೇ ಅದರ ಅಗಲ 1ಕ್ಕೆ ಇಡಿ, ಇಲ್ಲದಿದ್ದರೆ ಬಂದದ್ದನ್ನೂ ಬಂದಿಲ್ಲ ಅಂದುಕೊಳ್ಳುತ್ತೀರಿ. ಮೂರೂ ಬಂದರೆ ತಂತಿಯ ದಾರಿ ಪೂರ್ತಿ ಸರಿ. ಒಂದೂ ಬಾರದಿದ್ದರೆ, ಕನ್ವರ್ಟರ್ ಆಗಲೇ ಪಾಸಾಗಿದ್ದರಿಂದ, ಉಳಿದದ್ದು ಕೇಬಲ್ಲಿನ ವಾಪಸ್ ತಂತಿ ಅಥವಾ ಸಿಂಥ್‌ನ ಸೀರಿಯಲ್ ಜಾಕು. ಕೇಬಲ್ಲನ್ನು ಎರಡೂ ತುದಿಯ ಹತ್ತಿರ ಮೆಲ್ಲಗೆ ಬಗ್ಗಿಸುತ್ತಾ ಮತ್ತೆ ಪರೀಕ್ಷೆ ಮಾಡಿ. ಹಳೆಯ ಕೇಬಲ್ಲುಗಳು ಮುರಿಯುವುದು ನಡುವೆ ಅಲ್ಲ, ಹಿಡಿಯ ಬುಡದಲ್ಲಿ.

ಒಂದೆರಡು ಬಿಡಿ ಅಕ್ಷರ ಮಾತ್ರ ತಡವಾಗಿ ಬಂದರೆ ಕನ್ವರ್ಟರಿನ ಚಿಪ್ ನೋಡಿ. ಎಫ್‌ಟಿಡಿಐ ಎಂಬ ಕಂಪನಿಯ ಚಿಪ್ಪುಗಳು ಬಂದ ಅಕ್ಷರಗಳನ್ನು ತಕ್ಷಣ ಕಂಪ್ಯೂಟರಿಗೆ ಕೊಡದೆ 16 ಮಿಲಿಸೆಕೆಂಡು ಇಟ್ಟುಕೊಂಡು ಒಟ್ಟಿಗೆ ಕೊಡುವುದು ವಾಡಿಕೆ. ಅಷ್ಟರಲ್ಲಿ ಇನ್ನೂ ಹದಿನೈದು ಅಕ್ಷರ ಸಿಂಥ್ ಕಡೆ ಹೋಗಿರುತ್ತವೆ. ಲಿನಕ್ಸಿನಲ್ಲಿ ಆ ಪೋರ್ಟಿನ ‘ಲೇಟೆನ್ಸಿ ಟೈಮರ್’ ಫೈಲಿಗೆ 1 ಎಂದು ಬರೆದರೆ ಇದು ತಪ್ಪುತ್ತದೆ. ಆದರೆ ನಾಲ್ಕು ಸೆಕೆಂಡಿನ ಮೌನಕ್ಕೆ ಇದು ಕಾರಣವಾಗಲಾರದು.

ಇನ್ನೊಂದು ಪಿನ್ನಿನ ವಿಷಯವೂ ಹೇಳಿಬಿಡುತ್ತೇನೆ, ನಿಮಗೆ ಈಗ ಬೇಡದಿದ್ದರೂ ಹೊಸ ಕೇಬಲ್ ಮಾಡಿಸುವಾಗ ಬೇಕಾದೀತು. ಈಗಿನ ಸ್ಪೀಕಪ್ ಪೋರ್ಟ್ ತೆರೆದಾಗ ಹಾರ್ಡ್‌ವೇರ್ ಫ್ಲೋ ಕಂಟ್ರೋಲನ್ನೂ ಆನ್ ಮಾಡುತ್ತದೆ. 8ನೆಯ ಪಿನ್, ಅಂದರೆ ಸಿಟಿಎಸ್, ಆ ಕಡೆಯಿಂದ ‘ಸರಿ’ ಎನ್ನದಿದ್ದರೆ ಒಂದಕ್ಷರವೂ ಹೊರಗೆ ಹೋಗುವುದಿಲ್ಲ. ಮೂರೇ ತಂತಿಯ ಕೇಬಲ್ ಕಟ್ಟಿಕೊಟ್ಟವರಿಗೆ ಇದು ಗೊತ್ತಿರುವುದಿಲ್ಲ. ಅವರು ಟರ್ಮಿನಲ್ಲಿನಿಂದ ಪಠ್ಯ ಕಳಿಸಿ ಸಿಂಥ್ ಮಾತಾಡಿಸಿ ತೋರಿಸುತ್ತಾರೆ, ಸ್ಪೀಕಪ್ ಮಾತ್ರ ಮೂಕ. ಆಗ ಎಲ್ಲರೂ ಸ್ಕ್ರೀನ್ ರೀಡರನ್ನು ಬೈಯುತ್ತಾರೆ. ಕಂಪ್ಯೂಟರ್ ಕಡೆಯ 7 ಮತ್ತು 8ನ್ನು ಒಂದಕ್ಕೊಂದು ಸೇರಿಸಿದರೆ ಆ ಮೌನ ಹೋಗುತ್ತದೆ.

ಹೊಸ ಕನ್ವರ್ಟರ್ ಕೈಗೆ ಬರುವವರೆಗೆ ದಿನದ ಕೆಲಸ ನಡೆಯಬೇಕಲ್ಲ. ಸ್ಪೀಕಪ್ ಫೋಲ್ಡರಿನ ಒಳಗೆ ಡೆಕ್‌ಟಾಕ್‌ನದೇ ಫೋಲ್ಡರ್ ಇದೆ, ಅಲ್ಲಿ ‘ಫ್ಲಶ್ ಟೈಮ್’ ಎಂಬ ಫೈಲ್ ಸಿಗುತ್ತದೆ. ಅದರಲ್ಲಿರುವ 4000 ಎಂಬುದೇ ನಿಮ್ಮನ್ನು ಕಾಯಿಸುತ್ತಿರುವ ನಾಲ್ಕು ಸೆಕೆಂಡು. ಕೇಬಲ್ ಕೆಟ್ಟು ಉತ್ತರ ಕಳೆದುಹೋಗುವ ಸಂದರ್ಭಕ್ಕೆಂದೇ ಇದನ್ನು ಬದಲಿಸಲು ಬಿಟ್ಟಿದ್ದಾರೆ. 200 ಎಂದು ಬರೆದು ನೋಡಿ, ಕೀ ಒತ್ತಿದ ಮೇಲಿನ ಮೌನ ಬಹುಪಾಲು ಮಾಯವಾಗುತ್ತದೆ. ಮಾಯವಾದರೆ ನನ್ನ ಅಂದಾಜು ನಿಜ ಎಂಬುದಕ್ಕೂ ಅದೇ ಸಾಕ್ಷಿ, ಹಾಗಾಗಿ ಪೇಪರ್ ಕ್ಲಿಪ್ ಹುಡುಕುವ ಮುಂಚೆ ಇದನ್ನೇ ಮಾಡಿದರೂ ಸರಿ. ಪದ ಹಾರುವುದು ಮಾತ್ರ ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ಸದ್ಯಕ್ಕೆ ಒಂದೇ ಉಪಾಯ, ಇಡೀ ಫೈಲ್ ಓದಿಸದೆ ಪರದೆ ಪರದೆಯಾಗಿ ಓದಿಸುವುದು. ಅದೇ ಫೋಲ್ಡರಿನಲ್ಲಿ ಡಿಲೇ, ಟ್ರಿಗರ್, ಜಿಫಿ ಎಂದೆಲ್ಲ ಬೇರೆ ಫೈಲುಗಳೂ ಇವೆ, ಅವುಗಳ ತಂಟೆಗೆ ಹೋಗಬೇಡಿ. ಆರು ಕಡೆ ಅಂಕಿ ಬದಲಿಸಿದ ಮೇಲೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಶುರುವಿನ ಮೌನ. ಹಳೆಯ ಸ್ಪೀಕಪ್ ಸೀರಿಯಲ್ ಚಿಪ್ಪನ್ನು ನೇರವಾಗಿ ಮುಟ್ಟಿ ಮಾತಾಡುತ್ತಿತ್ತು. ಯುಎಸ್‌ಬಿ ಕನ್ವರ್ಟರ್ ಅದಕ್ಕೆ ಕಾಣಿಸುತ್ತಲೇ ಇರಲಿಲ್ಲ. ಈಗಿನದು ಎಲ್ಲ ಸೀರಿಯಲ್ ಪೋರ್ಟುಗಳನ್ನೂ ಒಂದೇ ರೀತಿ ನೋಡುವ, ಕರ್ನಲ್ಲಿನ ಟಿಟಿವೈ ಪದರದ ಮೂಲಕ ಹೋಗುವುದರಿಂದ ಮಾಡ್ಯೂಲ್ ಲೋಡ್ ಮಾಡುವಾಗ ‘ಡೆವ್’ ಎಂಬ ಆಯ್ಕೆಗೆ ಟಿಟಿವೈಯುಎಸ್‌ಬಿ0 (ಕನ್ವರ್ಟರಿನ ಪೋರ್ಟಿಗೆ ಲಿನಕ್ಸ್ ಕೊಡುವ ಹೆಸರು) ಎಂದು ಕೊಟ್ಟರೆ ಸಾಕು. (2020ರಲ್ಲಿ ಬಂದ 5.9 ಕರ್ನಲ್ಲಿನಿಂದ ಸ್ಪೀಕಪ್, ಇನ್ನೂ ಪಕ್ವವಾಗದ ಡ್ರೈವರುಗಳನ್ನು ಇಡುವ ‘ಸ್ಟೇಜಿಂಗ್’ ಎಂಬ ಅಂಗಳ ದಾಟಿ ಮನೆಯೊಳಗೇ ಬಂದಿದೆ. ಅದಕ್ಕೂ ಹಿಂದಿನ ಸಲಹೆಗಳನ್ನು ಓದುವಾಗ ಎಚ್ಚರವಿರಲಿ, ‘ಯುಎಸ್‌ಬಿ ಆಗುವುದೇ ಇಲ್ಲ’ ಎಂದು ಖಡಾಖಂಡಿತವಾಗಿ ಬರೆದಿರುತ್ತಾರೆ.) ನಿಮ್ಮಲ್ಲಿ ಆಗುತ್ತಿರುವುದು ಸಮಯದ ತೊಡಕು. ಕಂಪ್ಯೂಟರ್ ಏಳುವಾಗ ಸ್ಪೀಕಪ್ ಮೊದಲೇ ಎದ್ದು ಟಿಟಿವೈಯುಎಸ್‌ಬಿ0 ಎಲ್ಲಿ ಎಂದು ಕೇಳುತ್ತದೆ, ಆ ಹೊತ್ತಿಗೆ ಕನ್ವರ್ಟರನ್ನು ಕರ್ನಲ್ ಇನ್ನೂ ಗುರುತಿಸಿರುವುದಿಲ್ಲ. ಇಲ್ಲ ಎಂಬ ಉತ್ತರ ಸಿಕ್ಕಿ ಸ್ಪೀಕಪ್ ಸುಮ್ಮನಾಗುತ್ತದೆ, ಮತ್ತೆ ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಯಿಂದ ಲೋಡ್ ಮಾಡಿದಾಗ ಕನ್ವರ್ಟರ್ ಅಲ್ಲಿರುವುದರಿಂದ ಎಲ್ಲ ಸರಿಹೋಗುತ್ತದೆ.

ಶುರುವಿನ ಪಟ್ಟಿಯಿಂದ ಆ ಮಾಡ್ಯೂಲ್ ತೆಗೆದುಹಾಕಿ. ಬದಲಿಗೆ ಒಂದು ಯೂಡೆವ್ ನಿಯಮ (ಸಾಧನ ಕಾಣಿಸಿಕೊಂಡಾಗ ಏನು ಮಾಡಬೇಕೆಂದು ಲಿನಕ್ಸ್‌ಗೆ ಹೇಳುವ ಸಾಲು) ಬರೆದು, ನಿಮ್ಮ ಕನ್ವರ್ಟರ್ ಕಾಣಿಸಿಕೊಂಡ ಕ್ಷಣ ಮಾಡ್ಯೂಲ್ ಲೋಡ್ ಆಗುವಂತೆ ಮಾಡಿ. ಕರ್ನಲ್ ಅದಕ್ಕೆ ಯಾವ ಹೆಸರು ಕೊಟ್ಟಿತೋ ಅದನ್ನೇ ನಿಯಮ ಸ್ಪೀಕಪ್‌ಗೆ ದಾಟಿಸಲಿ. ಸೀರಿಯಲ್ ಬೈ-ಐಡಿ ಫೋಲ್ಡರಿನಲ್ಲಿ ಸಿಗುವ ಬದಲಾಗದ ಉದ್ದ ಹೆಸರನ್ನು ಕೊಡೋಣ ಎಂದು ಬುದ್ಧಿವಂತರಿಗೆ ಅನಿಸುತ್ತದೆ. ಸ್ಪೀಕಪ್ ಅದನ್ನು ಒಪ್ಪುವುದಿಲ್ಲ, ಅದಕ್ಕೆ ಟಿಟಿವೈಯುಎಸ್‌ಬಿ ಮತ್ತು ಅಂಕಿ ಇರುವ ಹೆಸರೇ ಬೇಕು. ಇದರಿಂದ ಇನ್ನೊಂದು ಬಲೆ ಹುಟ್ಟುತ್ತದೆ. ಸ್ಪೀಕಪ್ ಪೋರ್ಟ್ ಹಿಡಿದಿರುವಾಗಲೇ ಕನ್ವರ್ಟರ್ ಕಿತ್ತು ಮತ್ತೆ ಚುಚ್ಚಿದರೆ, ಹಳೆಯ 0 ಇನ್ನೂ ಬಿಡುಗಡೆಯಾಗಿಲ್ಲದ ಕಾರಣ ಹೊಸದಕ್ಕೆ 1 ಸಿಗಬಹುದು. ಸಿಂಥ್ ಸುಮ್ಮನಾಯಿತೆಂದು ಕಿತ್ತು ಚುಚ್ಚುವುದು ನಮ್ಮೆಲ್ಲರ ಕೈಗೆ ಬಂದ ಅಭ್ಯಾಸ. ಇಲ್ಲಿ ಮೊದಲು ಮಾಡ್ಯೂಲ್ ಇಳಿಸಿ, ಆಮೇಲೆ ಕೀಳಿ.

ನಿಯಮ ಹಾಕಿದ ಮೇಲೂ ಪೋರ್ಟ್ ಕಾಣಿಸಿಕೊಂಡು ಮರುಕ್ಷಣ ಮಾಯವಾಗುತ್ತಿದ್ದರೆ ಬಿಆರ್‌ಎಲ್‌ಟಿಟಿವೈಯನ್ನು ಅನುಮಾನಿಸಿ. ಬ್ರೈಲ್ ಡಿಸ್‌ಪ್ಲೇಗಳನ್ನು ನಡೆಸುವ ಈ ಪ್ರೋಗ್ರಾಂ ಅಂಧ ಬಳಕೆದಾರರ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೆಲವು ಬ್ರೈಲ್ ಡಿಸ್‌ಪ್ಲೇಗಳ ಒಳಗೂ ಅಗ್ಗದ ಕನ್ವರ್ಟರುಗಳ ಒಳಗೂ ಸಿಎಚ್340 ಎಂಬ ಒಂದೇ ಚಿಪ್ ಇರುವುದರಿಂದ, ನಿಮ್ಮ ಕನ್ವರ್ಟರನ್ನು ತನ್ನ ಡಿಸ್‌ಪ್ಲೇ ಎಂದು ತಿಳಿದು ಅದು ಕಸಿದುಕೊಳ್ಳುತ್ತದೆ. ಉಬುಂಟು 22.04ರಲ್ಲಿ ಇದರಿಂದ ಬಹಳ ಜನ ತಲೆ ಕೆಡಿಸಿಕೊಂಡರು. ಕರ್ನಲ್ ಲಾಗ್‌ನಲ್ಲಿ ಬಿಆರ್‌ಎಲ್‌ಟಿಟಿವೈ ಹೆಸರೂ ಸಿಎಚ್341 (ಆ ಚಿಪ್ಪಿನ ಡ್ರೈವರಿನ ಹೆಸರು ಇದೇ) ಎಂಬ ಹೆಸರೂ ಒಂದೇ ಸಾಲಿನಲ್ಲಿ ಬಂದರೆ ಸಂಶಯವೇ ಬೇಡ. ‘ಬಿಆರ್‌ಎಲ್‌ಟಿಟಿವೈ ತೆಗೆದುಹಾಕಿ’ ಎಂಬುದು ಕಣ್ಣಿರುವವರು ಕೊಡುವ ಪರಿಹಾರ. ಬ್ರೈಲ್ ಬಳಸುವವರಿಗೆ ಅದು ಪರಿಹಾರವಲ್ಲ. ಅದರ ಯೂಡೆವ್ ನಿಯಮದಲ್ಲಿ ಆ ಒಂದು ಚಿಪ್ಪಿನ ಸಾಲನ್ನು ಮಾತ್ರ ನಿಷ್ಕ್ರಿಯ ಮಾಡಿ, ಅಥವಾ ಎಫ್‌ಟಿಡಿಐ ಚಿಪ್ಪಿನ ಕನ್ವರ್ಟರ್ ಕೊಳ್ಳಿ. ಹೇಗೂ ಹೊಸದು ಕೊಳ್ಳಬೇಕಾದೀತು, ನಾನಾದರೆ ಎಫ್‌ಟಿಡಿಐಯನ್ನೇ ಆರಿಸುತ್ತೇನೆ. ಕೊಳ್ಳುವಾಗ ಅದು ಆರ್‌ಎಸ್-232, ಅಂದರೆ ಹಳೆಯ ಸೀರಿಯಲ್ ಪೋರ್ಟಿನ ಮಟ್ಟದ ಕನ್ವರ್ಟರ್ ಹೌದೇ ಎಂದು ಕೇಳಿ. ಬಿಡಿ ಪಿನ್ನುಗಳ, ಟಿಟಿಎಲ್ ಮಟ್ಟದ ಚಿಕ್ಕ ಬೋರ್ಡುಗಳು ಇದಕ್ಕೆ ಆಗುವುದಿಲ್ಲ, ವೋಲ್ಟೇಜೇ ಬೇರೆ.

ಮೋಡೆಮ್‌ಮ್ಯಾನೇಜರ್ ಎಂಬುದು ಇದ್ದರೆ, ಮೊಬೈಲ್ ಡೇಟಾ ಡಾಂಗಲ್ ಬಳಸದವರು ಅದನ್ನು ನಿಲ್ಲಿಸಿಬಿಡಿ. ಹೊಸ ಸೀರಿಯಲ್ ಪೋರ್ಟ್ ಕಂಡರೆ ‘ನೀನು ಮೋಡೆಮ್ಮೇ?’ ಎಂದು ಅದು ಕೆದಕುವುದುಂಟು.

ಯೂಡೆವ್ ನಿಯಮ ಬರೆಯುವಾಗ ಮಾಡ್ಯೂಲಿನ ಹೆಸರು ಗಮನಿಸಿ. ಎಕ್ಸ್‌ಪ್ರೆಸ್‌ಗೆ ಬೇಕಾದದ್ದು ಡಿ-ಇ-ಸಿ-ಟಿ-ಎಲ್-ಕೆ. ಡಿ-ಇ-ಸಿ-ಇ-ಎಕ್ಸ್-ಟಿ ಎಂಬುದು ಅದಕ್ಕೂ ಹಳೆಯ, ಹೊರಗಿಡುವ ದೊಡ್ಡ ಡೆಕ್‌ಟಾಕ್‌ನದು. ಕೊನೆಯ ‘ಎಕ್ಸ್-ಟಿ’ಯನ್ನು ಎಕ್ಸ್‌ಪ್ರೆಸ್ ಎಂದು ಓದಿಕೊಂಡು ತಪ್ಪು ಡ್ರೈವರ್ ಹಾಕಿದವರು ಬೇಕಾದಷ್ಟಿದ್ದಾರೆ.

ಸಿಂಥ್ ಬಿಟ್ಟು ಸಾಫ್ಟ್‌ವೇರ್ ಧ್ವನಿಗೆ ಹೋಗಿಬಿಡಿ ಎಂದು ನಿಮಗೆ ಹಲವರು ಹೇಳಿರಬಹುದು. ಸೌಂಡ್ ಕಾರ್ಡಿನ ಡ್ರೈವರ್ ಕೈಕೊಟ್ಟ ದಿನ ಆ ಧ್ವನಿಯೂ ಅದರೊಂದಿಗೇ ಹೋಗುತ್ತದೆ. ನಿಮ್ಮ ಡಬ್ಬಿ ಆಗಲೂ ಮಾತಾಡುತ್ತಿರುತ್ತದೆ. ಎರಡನ್ನೂ ಇಟ್ಟುಕೊಳ್ಳಿ.

ಫ್ಲಶ್ ಟೈಮ್ ಇಳಿಸಿದಾಗ ಏನಾಯಿತು, ಕ್ಲಿಪ್ ಹಾಕಿದಾಗ ಅಕ್ಷರಗಳು ವಾಪಸ್ ಬಂದವೇ, ಸಿಂಥ್ ಜೋಡಿಸಿದಾಗ 13, 11, 01ರಲ್ಲಿ ಯಾವುದು ಬಂತು, ಈ ಮೂರನ್ನು ಬರೆದು ಕಳಿಸಿ. ಕ್ಲಿಪ್ ಪರೀಕ್ಷೆ ಪಾಸಾಗಿ, ಬೇರೊಂದು ಒಳ್ಳೆಯ ಕೇಬಲ್ಲಿನಲ್ಲೂ ಆ ಮೂರು ಸಂಖ್ಯೆ ಬಾರದೆ ಹೋದರೆ ಮಾತ್ರ ಡೆಕ್‌ಟಾಕ್ ಬಿಚ್ಚಿಸುವ ಮಾತು. ಆಗಲೂ ನೋಡಬೇಕಾದದ್ದು ಧ್ವನಿಯ ಭಾಗವನ್ನಲ್ಲ, ಸೀರಿಯಲ್ ಜಾಕಿನ ಬೆಸುಗೆ ಮತ್ತು ಅದರ ಹಿಂದಿರುವ, ಸೀರಿಯಲ್ ತಂತಿಗೆ ಸಂಕೇತ ಕೊಡುವ ಲೈನ್ ಡ್ರೈವರ್ ಚಿಪ್ಪನ್ನು. ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವ ಯಾರಾದರೂ ಅದನ್ನು ಮಾಡಿಕೊಡಬಲ್ಲರು.